ನಾ ಕಳದ ಹೋಗಿಲ್ರಿ

ಇವತ್ತು ನಾನೇ ಮಾಡಿದ ಒಂದು ತಪ್ಪಿನಿಂದ ಮಾತು ಶುರು ಮಾಡ್ತೀನಿ.

ಟೀವಿಗೆ ಬಂದ ಹೊಸದು. ಬೆಳಗಿನ ಬುಲೆಟಿನ್ ಓದುವ ಕೆಲಸ. ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ತಂದೆ ನಮ್ಮ ವರದಿಗಾರನ ಕೈಗೆ ಮಗಳ ಫೋಟೋ ಕೊಟ್ಟಿದ್ದರು. ಎರಡು ದಿನವಾಯ್ತು, ಮಗಳು ಮನೆಗೆ ಬಂದಿಲ್ಲ, ಟೀವಿಯಲ್ಲಿ ಹಾಕಿ ಪುಣ್ಯ ಕಟ್ಟಿಕೊಳ್ಳಿ ಅಂತ. ವಯಸ್ಸು ಇಪ್ಪತ್ಮೂರು, ಗೋಧಿ ಮೈಬಣ್ಣ, ಮನೆ ಬಿಟ್ಟಾಗ ಹಸಿರು ಚೂಡಿದಾರ ತೊಟ್ಟಿದ್ದಳು, ಕನ್ನಡ ಮತ್ತು ಮರಾಠಿ ಮಾತಾಡುತ್ತಾಳೆ, ಸುಳಿವು ಸಿಕ್ಕವರು ಹತ್ತಿರದ ಠಾಣೆಗೆ ತಿಳಿಸಿ. ಇಷ್ಟನ್ನೂ ಬಹಳ ಗಂಭೀರ ಮುಖ ಮಾಡಿಕೊಂಡು ಓದಿದೆ. ಒಳ್ಳೇ ಕೆಲಸ ಮಾಡಿದೆ ಅನ್ನೋ ಸಮಾಧಾನದಲ್ಲಿ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ.

ಮಧ್ಯಾಹ್ನ ಡೆಸ್ಕಿಗೆ ಒಂದು ಫೋನ್ ಬಂತು. ಹೆಣ್ಣು ದನಿ. ಪಕ್ಕದವರಿಗೆ ಕೇಳಿಸಬಾರದು ಅನ್ನುವ ಹಾಗೆ ಸಣ್ಣಗೆ ಮಾತಾಡುತ್ತಿತ್ತು.

"ಸರ, ಮುಂಜಾನೆ ತೋರ್ಸಿದ್ರಲ್ರಿ, ಅದು ನನ್ನ ಫೋಟೋ ರೀ. ನಾ ಕಳದ ಹೋಗಿಲ್ರಿ. ಲಗ್ನಾ ಆಗೇನ್ರಿ. ಇಲ್ಲಿ ಮನಿ ಮಾಲಕ್ರು ಟೀವಿ ನೋಡಿ, ನೀವು ಮನಿ ಖಾಲಿ ಮಾಡ್ರಿ ಅನ್ನಾಕತ್ತಾರ್ರಿ. ಆ ಫೋಟೋ ತೆಗೀರಿ ಸರ."

ಸಂಜೆ ಹೊತ್ತಿಗೆ ಫೋಟೋ ತೆಗೆದೆವು. ಅಷ್ಟರಲ್ಲಿ ಅದು ವಾಟ್ಸ್‌ಆ್ಯಪ್‌ನಲ್ಲಿ ಊರೆಲ್ಲ ಸುತ್ತಿಯಾಗಿತ್ತು. ಮರುದಿನ ಆ ನಂಬರಿಗೆ ಮಾಡಿದರೆ ಸ್ವಿಚ್ ಆಫ್.

ಯೋಚನೆ ಮಾಡಿ ನೋಡಿ. ಅಪ್ಪನ ಪಾಲಿಗೆ ಮಗಳು ಕಳೆದುಹೋಗಿದ್ದಳು. ಪೊಲೀಸರ ಪುಸ್ತಕದಲ್ಲಿ ಆಕೆ 'ನಾಪತ್ತೆ'. ನನ್ನ ಪಾಲಿಗೆ ನಲವತ್ತು ಸೆಕೆಂಡಿನ ಸುದ್ದಿ. ಆಕೆ ಎಲ್ಲಿದ್ದಾಳೆ, ಯಾಕಿದ್ದಾಳೆ ಅಂತ ಸರಿಯಾಗಿ ಗೊತ್ತಿದ್ದದ್ದು ಆಕೆಗೊಬ್ಬಳಿಗೇ. ನಾವ್ಯಾರೂ ಆಕೆಯನ್ನು ಮಾತ್ರ ಕೇಳಿರಲಿಲ್ಲ.

ಆ ದಿನ ರಾತ್ರಿ ನನಗೆ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಓದಿದ ಒಂದು ಪುಟ್ಟ ಕಾದಂಬರಿ ನೆನಪಾಯಿತು. ಐನ್ ರ‍್ಯಾಂಡ್ ಬರೆದ 'ಆಂಥೆಮ್'. 1938ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು. ಈಕೆ 1905ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ಅಲ್ಲಿನ ಕ್ರಾಂತಿಯನ್ನು ಕಣ್ಣಾರೆ ಕಂಡು, 1926ರಲ್ಲಿ ಅಮೆರಿಕಕ್ಕೆ ಹೋದವಳು. ಆಕೆ ಕಲ್ಪಿಸಿದ ದೇಶದಲ್ಲಿ ಯಾರಿಗೂ ಹೆಸರಿಲ್ಲ, ಒಂದು ಪದ ಮತ್ತು ಒಂದು ನಂಬರ್ ಅಷ್ಟೇ. ಅಲ್ಲಿಯ ಭಾಷೆಯಿಂದ 'ನಾನು' ಅನ್ನುವ ಪದವನ್ನೇ ಅಳಿಸಿಬಿಟ್ಟಿದ್ದಾರೆ. ತನ್ನೊಬ್ಬನ ಬಗ್ಗೆ ಹೇಳುವಾಗಲೂ 'ನಾವು' ಅನ್ನಬೇಕು. ಹಳೆಯ ಆ ಪದವನ್ನು ಯಾರಾದರೂ ಆಡಿದರೆ ಅವರನ್ನು ಜೀವಂತ ಸುಡುತ್ತಾರೆ. ಹದಿನೈದು ವರ್ಷ ತುಂಬಿದಾಗ ಒಂದು ಸಮಿತಿ ನಿಮ್ಮ ಉದ್ಯೋಗ ಹೇಳುತ್ತದೆ. ವಿಜ್ಞಾನದ ಹುಚ್ಚಿದ್ದ ಕಥಾನಾಯಕನಿಗೆ ಬೀದಿ ಗುಡಿಸುವ ಕೆಲಸ ಬರುತ್ತೆ. ಯಾರ ಜೊತೆ ಯಾರು ಕೂಡಬೇಕು ಅನ್ನುವುದನ್ನೂ ಸಮಿತಿಯೇ ತೀರ್ಮಾನಿಸುತ್ತದೆ. ಇನ್ನು ಒಬ್ಬ ಗೆಳೆಯನನ್ನು ಮಿಕ್ಕವರಿಗಿಂತ ಹೆಚ್ಚು ಇಷ್ಟಪಟ್ಟರೆ, ಒಬ್ಬ ಹುಡುಗಿಯ ಮುಖ ಮಾತ್ರ ಮತ್ತೆ ಮತ್ತೆ ನೆನಪಾದರೆ, ಅದು ಅಪರಾಧ. ಇಷ್ಟಪಡುವ ಅಪರಾಧ!

ಹಾಸ್ಟೆಲಿನಲ್ಲಿ ಇದನ್ನು ಓದಿ ನಾವು ನಕ್ಕಿದ್ದೆವು. ಇಂಥಾ ದೇಶ ಎಲ್ಲಿರುತ್ತೋ ಮಾರಾಯ, ಅಂತ.

ಈಗ ಹೇಳಿ, ಹಾಗೆ ನಗುತ್ತಿದ್ದ ನಾವು ಅಲ್ಲಿಗೆ ಬಂದದ್ದು ಹೇಗೆ? ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸ್ ಬಂತು, ಪಿಯುಸಿ ಸೈನ್ಸಿಗೆ ಹಾಕಿದರು. ಸಿಇಟಿ ರ‍್ಯಾಂಕ್ ಬಂತು, ಸಿಕ್ಕಿದ ಬ್ರಾಂಚಿಗೆ ಹಾಕಿದರು. ಬಂಧುಗಳು ಕೇಳಿದರೆ ಮನೆಯಲ್ಲಿ ಹೇಳುತ್ತಿದ್ದ ಮಾತು, "ಅವನ್ನ ಇಂಜಿನಿಯರಿಂಗಿಗೆ ಹಾಕೀವಿ" ಅಂತ. ಟಪಾಲು ಡಬ್ಬಿಗೆ ಕಾಗದ ಹಾಕಿದ ಹಾಗೆ. ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳಿಗೆ ತಲೆಮನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ನಮ್ಮ ಬೆಳಗಾವಿಯಲ್ಲೇ. ಅಲ್ಲಿಂದ ಪದವಿ ಹಿಡಿದು ಹೊರಬಿದ್ದ ಎಷ್ಟು ಹುಡುಗರನ್ನು 'ನಿನಗೇನು ಇಷ್ಟ?' ಅಂತ ಯಾರಾದರೂ ಕೇಳಿದ್ದರು? ಡಿಗ್ರಿ ಮುಗಿಸಿ ನಾನು ಟೀವಿಗೆ ಹೋಗ್ತೀನಿ ಅಂದಾಗ ನಮ್ಮಪ್ಪ ಎಂಟು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಆದರೆ ಒಂದು ಮಾತು. ನನಗೆ ಆದದ್ದು ಅಷ್ಟೇ. ಯಾರೂ ನನ್ನ ಫೋಟೋ ಟೀವಿಯಲ್ಲಿ ಹಾಕಲಿಲ್ಲ, ಠಾಣೆಗೆ ಕರೆಸಲಿಲ್ಲ. ಯಾಕೆಂದರೆ ನಾನು ಗಂಡುಮಗ, ನಾನು ಆರಿಸಿಕೊಂಡದ್ದು ಕೆಲಸ. ನಮ್ಮಲ್ಲಿ 'ನನಗೆ ಇಷ್ಟ' ಅನ್ನುವ ಮಾತಿಗೆ ಎಲ್ಲರಿಂದಲೂ ಒಂದೇ ದರ ವಸೂಲಿ ಮಾಡುವುದಿಲ್ಲ. ಕೆಲಸದ ವಿಷಯದಲ್ಲಿ ಎಂಟು ತಿಂಗಳ ಮೌನ ಸಾಕಾಗುತ್ತದೆ. ಮದುವೆಯ ವಿಷಯದಲ್ಲಿ, ಅದೂ ಹೆಣ್ಣುಮಗಳಾದರೆ, ಜೀವವನ್ನೇ ಕೇಳುತ್ತಾರೆ.

ನಮ್ಮ ಭಾಷೆಯನ್ನೇ ಸ್ವಲ್ಪ ಗಮನಿಸಿ. 'ನನ್ನ ಮನೆ' ಅಂದರೆ ಏನೋ ಸೊಕ್ಕಿನ ಮಾತು ಅನಿಸುತ್ತೆ. ನಾವು 'ನಮ್ಮನಿ' ಅಂತೀವಿ. ಒಬ್ಬನೇ ಮಗನಾದರೂ 'ನಮ್ಮಪ್ಪ', 'ನಮ್ಮವ್ವ'. ಈ ಕಡೆ ಹೆಂಡತಿಗೂ 'ನಮ್ಮಾಕಿ'. ಇದರಲ್ಲಿ ತಪ್ಪೇನಿಲ್ಲ, ಬಹಳ ಬೆಚ್ಚಗಿನ ಮಾತು ಅದು. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆ ನೀರಿನಲ್ಲಿ ಮುಳುಗಿದಾಗ ಗುರುತಿಲ್ಲದ ಊರುಗಳಿಗೆ ರೊಟ್ಟಿ ಗಂಟು ಕಟ್ಟಿ ಕಳಿಸಿದ್ದು ಇದೇ 'ನಮ್ಮ ಮಂದಿ'. ಅದೇ 'ನಮ್ಮ' ಇನ್ನೊಂದು ದಿನ 'ನಮ್ಮ ಹುಡುಗಿ', 'ನಮ್ಮ ಮರ್ಯಾದಿ' ಅಂತ ಬಡಿಗೆ ಹಿಡಿದು ನಿಲ್ಲುತ್ತೆ. ರ‍್ಯಾಂಡ್ ಕಾದಂಬರಿಯಲ್ಲಿ ಹಾಗೆ ಮಾಡಲು ಸರ್ಕಾರ ಬೇಕಾಯ್ತು, ಸಮಿತಿ ಬೇಕಾಯ್ತು. ನಮ್ಮಲ್ಲಿ ಸರ್ಕಾರದ ಕಾನೂನು 'ನಾನು' ಅನ್ನುವವರ ಪರವಾಗಿಯೇ ಇದೆ. ಆದರೂ ತಡೆ ನಿಂತಿಲ್ಲ. ಅದು ಹೇಗೆ ಅನ್ನುವುದನ್ನು ನಮ್ಮ ಜಿಲ್ಲೆಯ ಎರಡು ಪ್ರಕರಣಗಳ ಮೂಲಕ ನೋಡೋಣ.

ಮೊದಲನೆಯದು 2020ರ ಅಕ್ಟೋಬರ್. ಸವದತ್ತಿ ತಾಲೂಕಿನ ಮುರಗೋಡ ಠಾಣೆಯಲ್ಲಿ ಮಗಳು ಕಾಣೆಯಾಗಿದ್ದಾಳೆ ಅಂತ ಒಂದು ದೂರು ದಾಖಲಾಯಿತು. ಮಗಳು ಅಂದರೆ ಚಿಕ್ಕ ಹುಡುಗಿಯಲ್ಲ, ಕಾಲೇಜಿನಲ್ಲಿ ಪಾಠ ಮಾಡುವ ಉಪನ್ಯಾಸಕಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ ವಿಮಾನದಲ್ಲಿ ಹೋಗಿ ತನಗೆ ಇಷ್ಟವಾದವನನ್ನು ಮದುವೆಯಾಗಿದ್ದಳು. ಮದುವೆಯ ಪ್ರಮಾಣಪತ್ರವನ್ನು ಮನೆಯವರಿಗೆ ವಾಟ್ಸ್‌ಆ್ಯಪ್ ಮಾಡಿದ್ದಳು. ತನಿಖಾಧಿಕಾರಿಗೂ ತಿಳಿಸಿದಳು. ನಾನು ಮದುವೆಯಾಗಿದ್ದೇನೆ, ಗಂಡನ ಜೊತೆ ಇದ್ದೇನೆ, ಊರಿಗೆ ಬರಲು ಭಯವಾಗುತ್ತಿದೆ ಅಂತ. ಕೇಸು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನೀನು ಮುರಗೋಡಕ್ಕೆ ಬಂದು ಹೇಳಿಕೆ ಕೊಡು, ಇಲ್ಲದಿದ್ದರೆ ನಿನ್ನ ಗಂಡನ ಮೇಲೆ ಅಪಹರಣದ ಕೇಸು ಬೀಳುತ್ತೆ ಅನ್ನುವ ಧಾಟಿಯ ಮಾತು ಫೋನಿನಲ್ಲಿ ಬಂತು. ಗಂಡ ಹೆಂಡತಿ ಸೀದಾ ಸುಪ್ರೀಂ ಕೋರ್ಟಿಗೆ ಹೋದರು.

2021ರ ಫೆಬ್ರವರಿ 8ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಪೀಠ ಆ ಎಫ್‌ಐಆರ್ ರದ್ದು ಮಾಡಿತು. ಇಬ್ಬರು ವಯಸ್ಕರು ಮದುವೆಯಾಗಲು ಒಪ್ಪಿದ ಮೇಲೆ ಮನೆಯ, ಕುಲದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅನ್ನುವ ನಿಲುವನ್ನು ಮತ್ತೆ ಹೇಳಿತು. ತನಿಖಾಧಿಕಾರಿಗೆ ತಿಳಿವಳಿಕೆ ಕೊಡಬೇಕು, ಇಂಥ ಪ್ರಕರಣ ನಿಭಾಯಿಸುವುದು ಹೇಗೆ ಅಂತ ಪೊಲೀಸರು ಎಂಟು ವಾರದೊಳಗೆ ಮಾರ್ಗಸೂಚಿ ಮಾಡಿ ತರಬೇತಿ ಕೊಡಬೇಕು ಅಂತಲೂ ಹೇಳಿತು. ಆ ತೀರ್ಪಿನಲ್ಲಿ ಕೋರ್ಟು ನೆನೆದ ಪುಸ್ತಕ ಯಾವುದು ಗೊತ್ತಾ? ಅಂಬೇಡ್ಕರ್ ಅವರ ಜಾತಿ ವಿನಾಶ.

1936ರ ಪುಸ್ತಕ ಅದು. ಲಾಹೋರಿನ ಸಂಘವೊಂದು ಕರೆದಿದ್ದ ಭಾಷಣ. ಅದರ ಪಠ್ಯ ನೋಡಿ ಬೆಚ್ಚಿದ ಸಂಘದವರು ಸಭೆಯನ್ನೇ ರದ್ದು ಮಾಡಿದಾಗ ಅಂಬೇಡ್ಕರ್ ತಮ್ಮ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಜಾತಿ ಹಂಚುವುದು ಕೆಲಸವನ್ನು ಮಾತ್ರವಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಅದು ಬೇರೆ ಬೇರೆ ಕೋಣೆಗೆ ಹಾಕಿ ಬೀಗ ಜಡಿಯುತ್ತದೆ, ಆ ಹಂಚಿಕೆಯಲ್ಲಿ ಒಬ್ಬನಿಗೆ ಏನು ಇಷ್ಟ ಅನ್ನುವುದಕ್ಕೆ ಜಾಗವೇ ಇಲ್ಲ ಅನ್ನುವುದು ಅವರ ವಾದದ ಒಂದು ಮುಖ್ಯ ಎಳೆ. 'ಆಂಥೆಮ್' ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು ಇದು. ರಷ್ಯಾದಿಂದ ಹೋದವಳು ಕಲ್ಪನೆ ಮಾಡಿ ಬರೆದಳು. 1925ರಲ್ಲೇ ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಮಾತಾಡಿ ಹೋಗಿದ್ದ ಅಂಬೇಡ್ಕರ್ ಕಣ್ಣೆದುರು ಇದ್ದದ್ದನ್ನೇ ಬರೆದರು. ಬೀದಿ ಗುಡಿಸುವ ಕೆಲಸ ಯಾರಿಗೆ ಅಂತ ಹುಟ್ಟುವ ಮೊದಲೇ ತೀರ್ಮಾನ ಮಾಡಲು ಇಲ್ಲಿ ಸಮಿತಿ ಕೂಡುವ ಅಗತ್ಯವೂ ಇರಲಿಲ್ಲ.

ಈಗ ಮುರಗೋಡದ ಪ್ರಕರಣವನ್ನು ಒಂದು ಯಂತ್ರ ಬಿಚ್ಚಿ ನೋಡಿದ ಹಾಗೆ ನೋಡೋಣ. ಓದಿದ ಇಂಜಿನಿಯರಿಂಗ್ ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಮೊದಲ ಗಾಲಿ, ನಾಪತ್ತೆ ದೂರು. ಮನೆಯವರು ಕಾಣದಿದ್ದರೆ ದೂರು ಕೊಡುವುದು ಸರಿ, ಪೊಲೀಸರು ಹುಡುಕುವುದೂ ಸರಿ. ನಿಜವಾಗಿ ಅಪಾಯದಲ್ಲಿರುವ ಎಷ್ಟೋ ಜನ ಇದರಿಂದ ಬದುಕಿದ್ದಾರೆ. ಆದರೆ ಹುಡುಕಿದ ಮೇಲೆ ವಯಸ್ಸಿಗೆ ಬಂದ ಹೆಣ್ಣುಮಗಳು 'ನನ್ನಿಚ್ಛೆಯಿಂದ ಇಲ್ಲಿದ್ದೇನೆ' ಅಂದರೆ ಫೈಲು ಮುಚ್ಚಬೇಕು.

ಎರಡನೇ ಗಾಲಿ, 'ಠಾಣೆಗೆ ಬಾ'. ಕೇಳೋಕೆ ಎಷ್ಟು ಸಾದಾ ಮಾತು! ಆದರೆ ಠಾಣೆಯ ಹೊರಗೆ ಎರಡು ಜೀಪು ತುಂಬ ಬಂಧುಗಳು ಕಾಯುತ್ತಿರುತ್ತಾರೆ ಅನ್ನುವುದು ಕರೆಯುವವರಿಗೂ ಗೊತ್ತು, ಕರೆಸಿಕೊಳ್ಳುವವಳಿಗೂ ಗೊತ್ತು. ಅಸಲಿಗೆ ವಿಚಾರಣೆಗಾಗಿ ಹೆಣ್ಣುಮಗಳನ್ನು ಆಕೆ ವಾಸವಿರುವ ಜಾಗ ಬಿಟ್ಟು ಬೇರೆ ಕಡೆ ಬಾ ಅಂತ ಒತ್ತಾಯಿಸುವ ಹಾಗಿಲ್ಲ. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 160ನೇ ಕಲಂನಲ್ಲೂ ಇದಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂನಲ್ಲೂ ಇದೆ. ಪೊಲೀಸರೇ ಆಕೆ ಇದ್ದಲ್ಲಿಗೆ ಹೋಗಿ ಹೇಳಿಕೆ ಪಡೆಯಬೇಕು. ಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ದಾಖಲಿಸಬಹುದು. ಮುರಗೋಡ ಪ್ರಕರಣದಲ್ಲಿ ಕೋರ್ಟು ಹೇಳಿದ್ದೂ ಇದನ್ನೇ, ಅವಳಿದ್ದಲ್ಲಿಗೆ ನೀವು ಹೋಗಬೇಕಿತ್ತು ಅಂತ.

ಮೂರನೇ ಗಾಲಿ, ಅಪಹರಣದ ಬೆದರಿಕೆ. ಪೋಷಕರ ವಶದಿಂದ ಅಪಹರಣ ಅನ್ನುವ ಅಪರಾಧ ಇರುವುದು ಹದಿನೆಂಟು ತುಂಬದವರ ವಿಷಯದಲ್ಲಿ. ಹದಿನೆಂಟು ದಾಟಿದವಳು ತಾನಾಗಿ ಬಸ್ಸು ಹತ್ತಿ ಹೋದರೆ ಅಪಹರಣ ಮಾಡಿದವರು ಯಾರು? ಬಸ್ ಕಂಡಕ್ಟರೇ? ಆದರೂ 'ನಿನ್ನ ಗಂಡನನ್ನು ಒಳಗೆ ಹಾಕ್ತೀವಿ' ಅನ್ನುವ ಒಂದು ಮಾತಿಗೆ ಎಷ್ಟೋ ಹುಡುಗಿಯರು ಹೆದರಿ ವಾಪಸು ಬರುತ್ತಾರೆ.

ನಾಲ್ಕನೇ ಗಾಲಿ, ನೋಟಿಸ್ ಬೋರ್ಡು. ಬೇರೆ ಬೇರೆ ಧರ್ಮದವರು ತಮ್ಮ ತಮ್ಮ ಧರ್ಮ ಬಿಡದೆ ಮದುವೆಯಾಗಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. ಅದರಲ್ಲಿ ಮೊದಲು ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಮೂವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಕಾನೂನು ಕೊಟ್ಟ ಬಾಗಿಲು ಅದು, ಆದರೆ ಬಾಗಿಲ ಮುಂದೆ ಮೂವತ್ತು ದಿನ ಹೆಸರು ವಿಳಾಸ ಬರೆದುಕೊಂಡು ನಿಲ್ಲಬೇಕು. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಹೀಗೆ ಪ್ರಕಟಿಸುವುದು ಬೇಕೋ ಬೇಡವೋ ಅನ್ನುವುದು ಮದುವೆಯಾಗುವವರ ಇಷ್ಟಕ್ಕೆ ಬಿಟ್ಟದ್ದು ಅಂದಿತು. ಕಾಯ್ದೆಯ ಪುಸ್ತಕದಲ್ಲಿ ಮಾತ್ರ ಆ ಕಲಂ ಉಳಿದಿದೆ.

ಐದನೇ ಗಾಲಿ ನಾವು, ಟೀವಿಯವರು. 'ಪ್ರೇಮಿ ಜೊತೆ ಪರಾರಿ' ಅಂತ ದಪ್ಪಕ್ಷರದಲ್ಲಿ ಹಾಕುವವರು. ಪರಾರಿ ಅನ್ನುವುದು ಕಳ್ಳರಿಗೆ ಬಳಸುವ ಪದ ಅಲ್ವಾ?

ಗಾಲಿಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡ ಕ್ರೌರ್ಯದ ಹಾಗೆ ಕಾಣುವುದಿಲ್ಲ. ಒಂದು ದೂರು, ಒಂದು ಫೋನು, ಒಂದು ಚೀಟಿ, ಒಂದು ಫೋಟೋ. ಎಲ್ಲವೂ ಒಟ್ಟಿಗೆ ತಿರುಗಿದಾಗ ಮಧ್ಯದಲ್ಲಿ ಸಿಕ್ಕಿಕೊಂಡವಳಿಗೆ ಮಾತ್ರ ಅದೆಂಥ ಯಂತ್ರ ಅಂತ ಗೊತ್ತಾಗುತ್ತದೆ.

ಕಾನೂನು ಮಲಗಿತ್ತು ಅಂತ ಹೇಳುವ ಹಾಗಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರತಿ ಜಿಲ್ಲೆಯಲ್ಲೂ ವಿಶೇಷ ಘಟಕ ಇರಬೇಕು, 24 ಗಂಟೆಯ ಸಹಾಯವಾಣಿ ಇರಬೇಕು, ಬೆದರಿಕೆ ಇರುವ ಜೋಡಿಗಳಿಗೆ ಸುರಕ್ಷಿತ ಮನೆ ಒದಗಿಸಬೇಕು ಅಂದಿತು. ಅಂತರ್ಜಾತಿ ವಿವಾಹಕ್ಕೆ ಸರ್ಕಾರವೇ ಪ್ರೋತ್ಸಾಹಧನ ಕೊಡುತ್ತದೆ. ಒಂದು ಇಲಾಖೆ ಹಣ ಕೊಡುತ್ತದೆ, ಇನ್ನೊಂದು ಇಲಾಖೆಯ ಫೋನು ಹೆದರಿಸುತ್ತದೆ.

ಎರಡನೇ ಪ್ರಕರಣವನ್ನು ಹೇಳುವಾಗ ಈಗಲೂ ನನಗೆ ದನಿ ಸರಿಯಾಗಿ ಬರುವುದಿಲ್ಲ. ಮುರಗೋಡದ ತೀರ್ಪು ಬಂದು ಮೂರು ವರ್ಷ ತುಂಬುವ ಮೊದಲೇ, 2023ರ ಡಿಸೆಂಬರ್ 11ರ ನಸುಕು. ಬೆಳಗಾವಿ ತಾಲೂಕಿನ ಹೊಸ ವಂಟಮೂರಿ. ಬೇರೆ ಕಡೆ ನಿಶ್ಚಿತಾರ್ಥ ಗೊತ್ತಾಗಿದ್ದ ಹುಡುಗಿ, ತನಗೆ ಇಷ್ಟವಾದ ಹುಡುಗನ ಜೊತೆ ರಾತ್ರಿ ಊರು ಬಿಟ್ಟಳು. ಹುಡುಗಿಯ ಕಡೆಯವರು ಹುಡುಗನ ಮನೆಗೆ ನುಗ್ಗಿದರು. ಕೈಗೆ ಸಿಕ್ಕಿದ್ದು ಅವನ ತಾಯಿ. ಆ ತಾಯಿಯನ್ನು ಹೊರಗೆಳೆದು, ಬಟ್ಟೆ ಕಳೆದು, ಕಂಬಕ್ಕೆ ಕಟ್ಟಿ ಹೊಡೆದರು. ಅದೇ ದಿನಗಳಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಇಡೀ ಸರ್ಕಾರ ಜಿಲ್ಲೆಯಲ್ಲೇ ಇತ್ತು.

ಇಷ್ಟಪಟ್ಟವರು ಇಬ್ಬರು. ಶಿಕ್ಷೆ ಆದದ್ದು ಮೂರನೆಯವರಿಗೆ. ಯಾಕೆ? ಮಗ ಅನ್ನುವುದು ಬೇರೆ ಒಬ್ಬ ಮನುಷ್ಯ, ತಾಯಿ ಅನ್ನುವುದು ಬೇರೆ ಒಬ್ಬ ಮನುಷ್ಯ ಅನ್ನುವ ಲೆಕ್ಕವೇ ಆ ಗುಂಪಿಗಿರಲಿಲ್ಲ. ಅವರ ಪಾಲಿಗೆ ಇದ್ದದ್ದು 'ನಮ್ಮ ಮನಿ' ಮತ್ತು 'ಅವರ ಮನಿ'. 'ನಾನು' ಅನ್ನುವುದನ್ನು ಒಪ್ಪದ ಕಡೆ ತಪ್ಪಿಗೂ ಹೆಸರಿರುವುದಿಲ್ಲ, ಶಿಕ್ಷೆಗೂ ವಿಳಾಸ ಇರುವುದಿಲ್ಲ.

ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರಿದ್ದ ಹೈಕೋರ್ಟ್ ಪೀಠ ಇದನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಹೊಡೆದವರ ಬಗ್ಗೆ ಎಷ್ಟು ಕೇಳಿತೋ, ನೋಡುತ್ತಾ ನಿಂತವರ ಬಗ್ಗೆಯೂ ಅಷ್ಟೇ ಖಾರವಾಗಿ ಕೇಳಿತು. ಬ್ರಿಟಿಷರ ಕಾಲದ 'ಪುಂಡಗಂದಾಯ' ಅಲ್ಲಿ ಮತ್ತೆ ಪ್ರಸ್ತಾಪವಾಯಿತು. ಊರಲ್ಲಿ ಪುಂಡಾಟ ನಡೆದು ಊರವರು ಸುಮ್ಮನಿದ್ದರೆ ಇಡೀ ಊರಿನ ಮೇಲೆ ಬೀಳುತ್ತಿದ್ದ ದಂಡ ಅದು. ಆ ರಾತ್ರಿ ಒಬ್ಬ ಮಾತ್ರ ಅಡ್ಡ ಹೋಗಿದ್ದ, ಅವನಿಗೂ ಏಟು ಬಿತ್ತು ಅನ್ನುವುದನ್ನು ಕೋರ್ಟು ಗುರುತಿಸಿತು. ಊರಿಗೆ ಊರೇ 'ನಾವು' ಆಗಿ ನಿಂತಿದ್ದಾಗ ಅವನೊಬ್ಬ 'ನಾನು ಇದನ್ನು ಒಪ್ಪಲ್ಲ' ಅಂದಿದ್ದ. ಇಷ್ಟಪಡುವ ಹಕ್ಕು ಅಂದರೆ ಬರೀ ಪ್ರೀತಿ ಪ್ರೇಮದ ಮಾತಲ್ಲ ಸ್ವಾಮಿ. ಗುಂಪಿನಲ್ಲಿ ನಿಂತಾಗ ಬೇಡ ಅನ್ನುವ ಹಕ್ಕೂ ಅದೇ.

ಇಲ್ಲಿ ನೀವು ಕೇಳಬಹುದು: ಹಾಗಾದರೆ ಅಪ್ಪ ಅಮ್ಮನಿಗೆ ನೋವಾಗಲ್ವಾ? ಇಪ್ಪತ್ತು ವರ್ಷ ಸಾಕಿದವರಿಗೆ ಒಂದು ಮಾತು ಕೇಳುವ ಹಕ್ಕಿಲ್ವಾ? ಇದೆ. ಖಂಡಿತ ಇದೆ. ಬುದ್ಧಿ ಹೇಳಲಿ, ಬೇಸರ ಮಾಡಿಕೊಳ್ಳಲಿ, ಎಂಟು ತಿಂಗಳು ಮಾತು ಬಿಡಲಿ. ಆದರೆ ನಾನು ಮಾತಾಡಿಸಿದ ಎಷ್ಟೋ ಅಪ್ಪಂದಿರು ಕಡೆಗೆ ಹೇಳಿದ ಮಾತು ಬೇರೆಯೇ ಇತ್ತು. "ನಮಗೇನ್ ಸಿಟ್ಟಿಲ್ರಿ, ಆದ್ರ ಮಂದಿ ಬಿಡಂಗಿಲ್ಲ. ಸಣ್ಣಾಕೀನ್ ಯಾರು ಮಾಡ್ಕೋತಾರ್ರಿ?" ಕೇಳಿಸ್ಕೊಳ್ಳಿ, ಇಲ್ಲಿ ಅಪ್ಪನಿಗೂ ತನ್ನ ಇಷ್ಟ ಹೇಳುವ ಹಾಗಿಲ್ಲ. ಮಗಳನ್ನು ಕ್ಷಮಿಸಬೇಕು ಅಂತ ಅವನ ಮನಸ್ಸಿಗಿದೆ, ಮನೆಗೆ ಕರೆಯುವ ಧೈರ್ಯ ಇಲ್ಲ. ಕರೆದರೆ ನಾಳೆ ಅವನ ಮನೆಯ ಕಾರ್ಯಕ್ಕೆ ಯಾರೂ ಬರುವುದಿಲ್ಲ. ಗಡಿಯಾಚೆ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧವೇ 2016ರಲ್ಲಿ ಒಂದು ಕಾಯ್ದೆ ಮಾಡಬೇಕಾಗಿ ಬಂದದ್ದು ಇದಕ್ಕೇ. ಮುರಗೋಡದ ತೀರ್ಪಿನಲ್ಲೂ ನ್ಯಾಯಮೂರ್ತಿಗಳು ಹೆತ್ತವರನ್ನು ಬೈಯಲಿಲ್ಲ. ಮಗಳನ್ನಷ್ಟೇ ಅಲ್ಲ, ಅಳಿಯನನ್ನೂ ಒಪ್ಪಿಕೊಳ್ಳುವಷ್ಟು ಮನಸ್ಸು ಬರಲಿ ಅಂತ ಆಶಿಸಿದರು.

ಮಕ್ಕಳು ಹೆತ್ತವರ ಮಾತು ಮೀರುವುದೇ ತೊಂದರೆ ಅಂತ ವಾದ ಮಾಡುವವರು ಕಲ್ಯಾಣದ ಕಥೆಯನ್ನು ಮತ್ತೊಮ್ಮೆ ನೆನೆಯಲಿ. 12ನೇ ಶತಮಾನ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಅಲ್ಲಿ ಯಾರೂ ಓಡಿಹೋಗಿರಲಿಲ್ಲ. ಎರಡೂ ಮನೆಯ ಹಿರಿಯರು ಒಪ್ಪಿ, ಶರಣರು ಮುಂದೆ ನಿಂತು ಮಾಡಿದ ಮದುವೆ. ಆದರೂ ಊರು ಒಪ್ಪಲಿಲ್ಲ, ಅರಮನೆ ಒಪ್ಪಲಿಲ್ಲ. ಇಬ್ಬರು ಬೀಗರಿಗೂ ಎಳೆಹೂಟೆಯ ಮರಣದಂಡನೆ ಆಯಿತು ಅಂತ ಪರಂಪರೆ ಹೇಳುತ್ತೆ. ಶರಣರು ದಿಕ್ಕಾಪಾಲಾದರು. ಒಂದು ತಂಡ ಉಳವಿಯ ಕಡೆ ಹೊರಟಿತು, ನಮ್ಮ ಸೀಮೆಯ ಮೇಲೆಯೇ. ಡೋಹರ ಕಕ್ಕಯ್ಯನ ಸಮಾಧಿ ಇರುವುದು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ. ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಮಂಟಪ ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯ ನಡುವೆ ಇದೆ. ಧಾರವಾಡದಿಂದ ಬೆಳಗಾವಿಗೆ ಬರುವವರೆಲ್ಲ ಆ ಸೇತುವೆ ದಾಟಿಯೇ ಬರುತ್ತಾರೆ, ಕಾರಿನೊಳಗಿಂದಲೇ ಕೈಮುಗಿಯುತ್ತಾರೆ. ಒಂದು ಮದುವೆಯ ಕಾರಣಕ್ಕೆ ನೆಲೆ ಕಳೆದುಕೊಂಡವರಿಗೆ ದಾರಿಯಲ್ಲಿ ಕೈಮುಗಿದು, ಮನೆಗೆ ಬಂದ ಮೇಲೆ ಮಗಳ ಫೋನು ಕಸಿದುಕೊಳ್ಳುವವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ?

ಐನ್ ರ‍್ಯಾಂಡ್ ಜೊತೆ ನನಗೆ ಜಗಳ ಇರುವುದೂ ಇಲ್ಲಿಯೇ. ಆಕೆಯ ನಾಯಕ ಕಡೆಗೆ ಕಾಡಿಗೆ ಓಡುತ್ತಾನೆ, ಹಳೆಯ ಮನೆಯೊಂದರ ಪುಸ್ತಕಗಳಲ್ಲಿ 'ನಾನು' ಅನ್ನುವ ಪದ ಸಿಗುತ್ತದೆ, ಇನ್ನು ಮುಂದೆ 'ನಾವು' ಅನ್ನುವುದರ ಸಹವಾಸವೇ ಬೇಡ ಅನ್ನುವ ಕಡೆಗೆ ಹೋಗುತ್ತಾನೆ. ಕಲ್ಯಾಣದವರು ಹಾಗೆ ಮಾಡಲಿಲ್ಲ. ಸಮಗಾರ, ಡೋಹರ, ಬ್ರಾಹ್ಮಣ ಎಲ್ಲರೂ ಹುಟ್ಟಿನ 'ನಾವು' ಬಿಟ್ಟು, ಒಬ್ಬೊಬ್ಬರಾಗಿ ತಾವೇ ಆರಿಸಿಕೊಂಡು ಇನ್ನೊಂದು 'ನಾವು' ಕಟ್ಟಿದರು. ನಾನು ಅನ್ನುವ ಮಾತಿನ ಅರ್ಥ ಒಂಟಿಯಾಗಿ ಇರ್ತೀನಿ ಅಂತಲ್ಲ. ಯಾರ ಜೊತೆ ಸೇರಿ 'ನಾವು' ಆಗಬೇಕು ಅನ್ನುವುದನ್ನು ನಾನು ಹೇಳ್ತೀನಿ ಅಂತ. ಆ ದಿನ ಫೋನ್ ಮಾಡಿದ ಹುಡುಗಿಯೂ ಮನೆ ಬೇಡ ಅಂದಿರಲಿಲ್ಲ. ಬಾಡಿಗೆಯದ್ದೇ ಆದರೂ ಒಂದು ಮನೆ ಉಳಿಸಿಕೊಳ್ಳಲೆಂದೇ ಫೋನ್ ಮಾಡಿದ್ದಳು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕ್ರಾಂತಿ ಬೇಕಿಲ್ಲ. ನಾಪತ್ತೆ ದೂರು ಬಂದಾಗ ಹುಡುಗಿ ವಯಸ್ಕಳಾಗಿದ್ದರೆ, ಸಿಕ್ಕಲ್ಲೇ ಹೇಳಿಕೆ ಪಡೆದು ಫೈಲು ಮುಚ್ಚಲಿ. ಬೆದರಿಕೆ ಇದ್ದರೆ 112ಕ್ಕೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಅದರ ಸಹಾಯವಾಣಿ 15100. ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಮನೆಯ ಹುಡುಗಿಗೆ ಬೇಕಾಗಬಹುದು. ನಾನು ಮಾಡಿಕೊಂಡ ನಿಯಮ ಒಂದಿದೆ. ಹದಿನೆಂಟು ದಾಟಿದ ಹೆಣ್ಣುಮಗಳ ಫೋಟೋ ನನ್ನ ಕೈಗೆ ಬಂದರೆ, ಆಕೆ ಅಪಾಯದಲ್ಲಿದ್ದಾಳೆ ಅಂತ ಪೊಲೀಸರು ಖಚಿತಪಡಿಸುವ ತನಕ ಅದು ತೆರೆಯ ಮೇಲೆ ಬರುವುದಿಲ್ಲ. ಇದರಿಂದ ಕೆಲವು ಸುದ್ದಿ ನನ್ನ ಕೈ ತಪ್ಪಿವೆ. ತಪ್ಪಲಿ.

ಕಡೆಯದಾಗಿ ಒಂದು ಮಾತು. ಮಗಳನ್ನು ಹುಡುಕಿಕೊಡಿ ಅಂತ ಅಪ್ಪಂದಿರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದುಂಟು. ನಮ್ಮ ಕಡೆಯವರಾದರೆ ಧಾರವಾಡ ಪೀಠಕ್ಕೆ ಹೋಗಬೇಕು. ಪೊಲೀಸರು ಹುಡುಗಿಯನ್ನು ಕರೆತರುತ್ತಾರೆ. ಒಂದು ಕಡೆ ಅಪ್ಪ, ಚಿಕ್ಕಪ್ಪ, ಸೋದರಮಾವ. ಇನ್ನೊಂದು ಕಡೆ ಒಬ್ಬ ಹುಡುಗ. ಇಬ್ಬರ ವಕೀಲರ ವಾದವೂ ಸಿದ್ಧವಾಗಿರುತ್ತದೆ. ನ್ಯಾಯಮೂರ್ತಿಗಳು ಅವರನ್ನೆಲ್ಲ ಬದಿಗಿಟ್ಟು ಹುಡುಗಿಯನ್ನು ಕೇಳುವುದು ಒಂದೇ ಪ್ರಶ್ನೆ: ನಿನಗೆ ಯಾರ ಜೊತೆ ಹೋಗಬೇಕಮ್ಮ?

ಬಸ್ಸು ಹಿಡಿದು, ವಕೀಲರನ್ನು ಹಿಡಿದು, ಧಾರವಾಡದ ತನಕ ಬಂದ ಮೇಲೆ ಸಿಗುವ ಈ ಪ್ರಶ್ನೆಯನ್ನು ಮನೆಯ ಪಡಸಾಲೆಯಲ್ಲಿ, ಚಹಾ ಕುಡಿಯುತ್ತಾ, ಅಪ್ಪನೇ ಕೇಳಿದ್ದರೆ? ಎಷ್ಟೋ ಹುಡುಗಿಯರು ರಾತ್ರಿ ಊರು ಬಿಡಬೇಕಾಗಿರಲಿಲ್ಲ. ಯಾರೋ ಒಬ್ಬ ತಾಯಿ ಕಂಬದ ಹತ್ತಿರ ನಿಲ್ಲಬೇಕಾಗಿರಲಿಲ್ಲ. ನನ್ನ ಡೆಸ್ಕಿಗೆ ಆ ಫೋನೂ ಬರುತ್ತಿರಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಕೇಳಿ ನೋಡಿ. ಮಗಳನ್ನೇ ಅಂತಲ್ಲ, ಪಿಯುಸಿ ಓದುವ ಮಗನನ್ನೂ ಕೇಳಿ. ನಿನಗೇನು ಇಷ್ಟ ಅಂತ. ಉತ್ತರ ನಿಮಗೆ ಹಿಡಿಸದೇ ಇರಬಹುದು. ಆದರೂ ಕೇಳಿ. ಕೇಳಿಸಿಕೊಂಡ ಮಕ್ಕಳು ಕಳೆದುಹೋಗುವುದು ಕಡಿಮೆ.